ಸಿಸೆರೊ ‘ಹೊಸಬ’ ಎಂದರೆ ಬಡವರ ಮನೆಯಿಂದ ಬಂದವನೇ?

ಪ್ರಶ್ನೆ: ರೋಮಿನ ವಾಗ್ಮಿ, ರಾಜಕಾರಣಿ ಸಿಸೆರೊನನ್ನು ‘ನೋವುಸ್ ಹೋಮೊ’, ಅಂದರೆ ಹೊಸ ಮನುಷ್ಯ ಎಂದು ಕರೆಯುತ್ತಾರೆ. ಅವನು ಬಡತನದಿಂದ ಮೇಲೆ ಬಂದವನೇ?

ಉತ್ತರ: ಅಲ್ಲ. ಆ ಮಾತಿಗೂ ಹಣಕ್ಕೂ ಸಂಬಂಧವಿಲ್ಲ. ಮನೆತನದಲ್ಲಿ ಹಿಂದೆ ಯಾರೂ ರೋಮಿನ ಆಡಳಿತ ಸಭೆಯಾದ ಸೆನೆಟ್ಟಿನ ಮೆಟ್ಟಿಲು ಹತ್ತದಿದ್ದರೆ, ಮೊದಲು ಹತ್ತಿದವನು ‘ಹೊಸಬ’. ಅಂಥವನು ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಆರಿಸಲಾಗುವ ಇಬ್ಬರು ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬ, ಆಗುವುದಂತೂ ಬಲು ಅಪರೂಪ. ಸಿಸೆರೊಗಿಂತ ಮುಂಚಿನ 30 ವರ್ಷಗಳಲ್ಲಿ ಒಬ್ಬನೂ ಆಗಿರಲಿಲ್ಲ.

ಸಿಸೆರೊ ಹುಟ್ಟಿದ್ದು ಕ್ರಿ.ಪೂ. 106ರ ಜನವರಿ 3ರಂದು, ರೋಮಿನಿಂದ ಆಗ್ನೇಯಕ್ಕೆ ಸುಮಾರು 100 ಕಿ.ಮೀ. ದೂರದ ಗುಡ್ಡದೂರು ಆರ್ಪಿನಮ್‌ನಲ್ಲಿ. ಮನೆಯವರು ಜಮೀನುದಾರರು, ಸೆನೆಟರುಗಳ ನಂತರದ ಸಿರಿವಂತರಾದ ಅಶ್ವಾರೋಹಿ ವರ್ಗದವರು. ಗಣರಾಜ್ಯದ ಕೊನೆಗಾಲದಲ್ಲಿ ಈ ವರ್ಗಕ್ಕೆ ಸೇರಲು 4,00,000 ಸೆಸ್ಟರ್ಸ್ (ರೋಮಿನ ನಾಣ್ಯ) ಆಸ್ತಿ ಬೇಕಿತ್ತು. ತಾತ ಊರಿನ ರಾಜಕೀಯದಲ್ಲಿ ಗಟ್ಟಿಗ; ಆರ್ಪಿನಮ್‌ಗೆ ಗುಪ್ತ ಮತದಾನ ತರಲು ಸ್ವಂತ ಹೆಂಡತಿಯ ಅಣ್ಣತಮ್ಮನೇ ಹೊರಟಾಗ ಎದುರು ನಿಂತವನು. ತಂದೆಗೆ ಆರೋಗ್ಯ ಸರಿಯಿರಲಿಲ್ಲ, ಪುಸ್ತಕಗಳ ನಡುವೆಯೇ ಬಾಳಿದ. ತಾತ, ತಂದೆ, ನಮ್ಮ ಸಿಸೆರೊ, ಅವನ ಮಗ ನಾಲ್ವರ ಹೆಸರೂ ಮಾರ್ಕಸ್ ಟುಲಿಯಸ್ ಸಿಸೆರೊ. ಎಷ್ಟೋ ಗೊಂದಲಕ್ಕೆ ಇದೇ ಮೂಲ. ಓದುವಾಗ ವರ್ಷ ನೋಡಿಕೊಂಡರೆ ಯಾರ ಮಾತೆಂದು ತಿಳಿಯುತ್ತದೆ. ‘ಸಿಸೆರೊ’ ಬಂದದ್ದು ಕಡಲೆಯ ಲ್ಯಾಟಿನ್ ಹೆಸರಿನಿಂದ. ಪೂರ್ವಜನೊಬ್ಬನ ಮೂಗಿನ ತುದಿ ಕಡಲೆಯಂತೆ ಸೀಳಿತ್ತು ಎನ್ನುತ್ತಾನೆ ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್.

ತಾಯಿ ಹೆಲ್ವಿಯಾ. ಉಳಿದಿರುವ ಬರಹಗಳಲ್ಲಿ ಸಿಸೆರೊ ಅವಳ ಬಗ್ಗೆ ಒಂದು ಮಾತನ್ನೂ ಆಡಿಲ್ಲ. ತಮ್ಮ ಕ್ವಿಂಟಸ್‌ನ ಕಾಗದವೊಂದು ಇಲ್ಲದಿದ್ದರೆ ಆಕೆ ನಮಗೆ ಬರೀ ಹೆಸರಾಗಿ ಉಳಿಯುತ್ತಿದ್ದಳು. ಮನೆಯ ಖಾಲಿ ದ್ರಾಕ್ಷಾರಸದ ಜಾಡಿಗಳಿಗೂ ಆಕೆ ಮೊಹರು ಹಾಕುತ್ತಿದ್ದಳಂತೆ: ಕದ್ದು ಕುಡಿದವರು ‘ಇದು ಮೊದಲೇ ಖಾಲಿಯಿತ್ತು’ ಎನ್ನಬಾರದಲ್ಲ! ಇಡೀ ಕುಟುಂಬದಲ್ಲಿ ಇದಕ್ಕಿಂತ ಜೀವಂತ ಚಿತ್ರ ಬೇರೊಂದಿಲ್ಲ.

ಮಕ್ಕಳಿಬ್ಬರ ಓದಿಗೆಂದು ತಂದೆ ರೋಮಿನ ಕರೀನೆ ಬಡಾವಣೆಯ ಮನೆಯಲ್ಲಿ ನೆಲೆಸಿದ. ಆಗಿನ ಹುಡುಗರು ‘ಹನ್ನೆರಡು ಫಲಕಗಳು’ ಎಂಬ ಹಳೆಯ ಕಾನೂನನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕಿತ್ತು. ವಯಸ್ಸಿಗೆ ಬಂದ ಮೇಲೆ ಸಿಸೆರೊ ಸೇರಿದ್ದು ವೃದ್ಧ ನ್ಯಾಯಜ್ಞ ಸ್ಕೀವೊಲನ ಬಳಿ. ಅಲ್ಲಿ ಪಾಠವೆಂಬುದು ಬೇರೆ ಇರಲಿಲ್ಲ. ಸಲಹೆ ಕೇಳಿ ಬಂದವರಿಗೆ ಹಿರಿಯ ಹೇಳುವುದನ್ನು ಪಕ್ಕದಲ್ಲಿ ಕೂತು ಕೇಳುವುದೇ ಕಲಿಕೆ. ಕ್ರಿ.ಪೂ. 89ರಲ್ಲಿ ಸ್ವಲ್ಪ ಕಾಲ ಸೈನಿಕನಾದ. ನಮಗೆ ಸಿಕ್ಕಿರುವ ಅವನ ಮೊದಲ ನ್ಯಾಯಾಲಯದ ವಾದ 81ರದು. ಕೂಗಿ ಕೂಗಿ ಗಂಟಲು, ದೇಹ ಸೋತಾಗ 79ರಲ್ಲಿ ಗ್ರೀಸಿಗೆ ಹೊರಟ. ರೋಡ್ಸ್ ದ್ವೀಪದ ಭಾಷಣಕಲೆಯ ಗುರು ಮೋಲನ್ ಅವನಿಗೆ ದನಿಯನ್ನು ಹದದಲ್ಲಿಡುವುದನ್ನು ಕಲಿಸಿದ.

ಹಣ, ಓದು, ಪರಿಚಯ ಎಲ್ಲ ಇತ್ತು. ಇಲ್ಲದ್ದು ಕಾನ್ಸಲ್ ಆಗಿದ್ದ ಒಬ್ಬ ಮುತ್ತಾತ. ಆರ್ಪಿನಮ್‌ನವರಿಗೆ ಪೂರ್ಣ ಮತದಾನದ ಹಕ್ಕು 188ರಲ್ಲೇ ಸಿಕ್ಕಿತ್ತು. ಆದರೂ 125 ವರ್ಷಗಳ ಬಳಿಕ, 63ರಲ್ಲಿ, ಕುಲೀನ ಕ್ಯಾಟಲಿನ್ ತುಂಬಿದ ಸೆನೆಟ್ಟಿನಲ್ಲಿ ಕಾನ್ಸಲ್ ಸಿಸೆರೊನನ್ನು ‘ರೋಮಿನಲ್ಲಿ ಬಾಡಿಗೆಗಿರುವವ’ ಎಂದು ಹಂಗಿಸಿದನೆಂದು ಇತಿಹಾಸಕಾರ ಸಲ್ಲಸ್ಟ್ ಬರೆದಿದ್ದಾನೆ.