ಕಾಮನಬಿಲ್ಲು ಬೇಕಾದರೆ ನೆರಳು ನೋಡಿ

ಚಿಕ್ಕಬಳ್ಳಾಪುರದ ಕಡೆ ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ ಬರುತ್ತದೆ. ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ಮಕ್ಕಳು ಕುಣಿಯುತ್ತಾರೆ. ದೊಡ್ಡವರು ಕಾಮನಬಿಲ್ಲು ಎಲ್ಲಿ ಅಂತ ಆಕಾಶವನ್ನೆಲ್ಲ ಹುಡುಕುತ್ತಾರೆ. ಅಷ್ಟು ಕಷ್ಟ ಯಾಕೆ? ಸುಮ್ನೆ ನಿಮ್ಮ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಬಿಲ್ಲು ಮೂಡುವುದಾದರೆ ಆ ದಿಕ್ಕಿನಲ್ಲೇ ಮೂಡಬೇಕು.

ನೆರಳಿನ ಉದ್ದವನ್ನೂ ಗಮನಿಸಿ. ಅದು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಲ್ಲಿನ ಆಸೆ ಬಿಡಿ. ಬಿಲ್ಲು ಮೂಡುವುದು ತಲೆಯ ನೆರಳಿನ ಸುತ್ತ ಸುಮಾರು 42 ಡಿಗ್ರಿ ದೂರದಲ್ಲಿ; ಸೂರ್ಯ ಏರಿದಷ್ಟೂ ಅದು ಕೆಳಗಿಳಿಯುತ್ತದೆ. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಮೇಲಿದ್ದರೆ, ಬಯಲಲ್ಲಿ ನಿಂತವರಿಗೆ ಇಡೀ ಬಿಲ್ಲು ದಿಗಂತದ ಕೆಳಗೇ ಉಳಿಯುತ್ತದೆ. ನಮ್ಮ ಸೀಮೆಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬೆಳಿಗ್ಗೆ ಸುಮಾರು 9ರಿಂದ ಮಧ್ಯಾಹ್ನ ಮೂರೂವರೆಯವರೆಗೆ ಇದೇ ಕಥೆ.

ಈ 42 ಎಲ್ಲಿಂದ ಬಂತು? ಗುಂಡಗಿನ ಹನಿಯೊಳಗೆ ಹೋಗುವಾಗ ಬೆಳಕು ಬಾಗುತ್ತದೆ, ಹಿಂಬದಿಗೆ ತಾಗಿ ವಾಪಸ್ ಬರುತ್ತದೆ, ಹೊರಬೀಳುವಾಗ ಮತ್ತೆ ಬಾಗುತ್ತದೆ. ಒಳಗೆ ಆಗುವುದು ‘ಪೂರ್ಣ ಆಂತರಿಕ ಪ್ರತಿಫಲನ’ ಅಂತ ಹಲವರು ಬರೆದುಬಿಡುತ್ತಾರೆ. ಅದು ತಪ್ಪು. ಹೆಚ್ಚಿನ ಬೆಳಕು ಹಿಂಬದಿಯಿಂದ ಆಚೆ ಹೋಗಿಯೇ ಬಿಡುತ್ತದೆ. ಬಿಲ್ಲಿಗೆ ಸಿಗುವುದು ಚೂರುಪಾರು ಮಾತ್ರ.

ಹನಿಯ ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸಾಗುತ್ತದೆ. ನಡುವಿನಿಂದ ದೂರ ಬಿದ್ದಷ್ಟೂ ಅದರ ದಾರಿ ಓರೆಯಾಗುತ್ತಾ ಹೋಗಿ ಸುಮಾರು 42 ಡಿಗ್ರಿ ಮುಟ್ಟುತ್ತದೆ. ಇನ್ನೂ ಅಂಚಿಗೆ ಬಿದ್ದರೆ ಕೋನ ಮತ್ತೆ ಇಳಿಯುತ್ತದೆ. ಉಯ್ಯಾಲೆ ಮೇಲೇರಿ ತಿರುಗುವ ಜಾಗದಲ್ಲಿ ಕೊಂಚ ತಡೆಯುವ ಹಾಗೆ, ಈ ತಿರುವಿನ ಕೋನದಲ್ಲಿ ಕಿರಣಗಳು ಜಾಸ್ತಿ ಸೇರಿಕೊಳ್ಳುತ್ತವೆ. ಆ ಗುಂಪೇ ಬಿಲ್ಲು. 1637ರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಒಂದೊಂದೇ ಕಿರಣದ ದಾರಿಯನ್ನು ಲೆಕ್ಕ ಹಾಕಿ ಇದನ್ನು ತೋರಿಸಿದ. ಬಣ್ಣದ ಗುಟ್ಟನ್ನು ಆಮೇಲೆ ನ್ಯೂಟನ್ ಬಿಡಿಸಿದ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಜಾಸ್ತಿ. ಹಾಗಾಗಿ ಕೆಂಪು 42ರಲ್ಲಿ, ಹೊರಗಡೆ; ನೇರಳೆ 40ರ ಆಸುಪಾಸಿನಲ್ಲಿ, ಒಳಗಡೆ.

ಬಿಲ್ಲಿನ ಒಳಗಿನ ಆಕಾಶ ಹೊರಗಿನದಕ್ಕಿಂತ ಬೆಳ್ಳಗಿರುವುದನ್ನು ನೋಡಿದ್ದೀರಾ? 42ಕ್ಕಿಂತ ಕಡಿಮೆ ಕೋನದ ಬೆಳಕೆಲ್ಲ ಬರುವುದು ಅಲ್ಲಿಂದಲೇ ಅಲ್ವಾ! ಹನಿಯೊಳಗೆ ಎರಡು ಸಲ ಪ್ರತಿಫಲಿಸಿದ ಬೆಳಕು 51 ಡಿಗ್ರಿಯ ಹತ್ತಿರ ಇನ್ನೊಂದು ಮಸುಕು ಬಿಲ್ಲು ಮಾಡುತ್ತದೆ, ಬಣ್ಣ ಉಲ್ಟಾ. ಎರಡರ ನಡುವಿನ ಕಪ್ಪನೆ ಜಾಗಕ್ಕೆ ಅಲೆಕ್ಸಾಂಡರನ ಪಟ್ಟಿ ಎಂದು ಹೆಸರು. ದಂಡೆತ್ತಿ ಬಂದವನಲ್ಲ, ಈತ ಅದೇ ಹೆಸರಿನ ಗ್ರೀಕ್ ತತ್ವಜ್ಞಾನಿ.

ಮಳೆಗೇ ಕಾಯಬೇಕಾಗಿಲ್ಲ. ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುವಾಗ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಕೈ ಉದ್ದಕ್ಕೆ ಚಾಚಿ, ನಿಮ್ಮ ತಲೆಯ ನೆರಳಿನಿಂದ ಎರಡು ಗೇಣು ಅಳೆಯಿರಿ. ಚಾಚಿದ ಕೈಯ ಒಂದು ಗೇಣು ಕಣ್ಣಿಗೆ ಹೆಚ್ಚುಕಡಿಮೆ 20 ಡಿಗ್ರಿ. ಅಲ್ಲಿ ಹನಿಗಳಿದ್ದರೆ ಬಣ್ಣ ಸಿಗುತ್ತದೆ. ಹನಿಗಳು ನೆಲದ ಹತ್ತಿರವೇ ಇರುವುದರಿಂದ ಬಿಸಿಲೇರಿದ ಮೇಲೂ ಇದು ನಡೆಯುತ್ತದೆ. ನೀವು ಒಂದು ಹೆಜ್ಜೆ ಸರಿದರೆ ಬಿಲ್ಲೂ ಸರಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ಕಾಣುವುದು ಅವರ ತಲೆಯ ನೆರಳಿನ ಸುತ್ತ, ಬೇರೆ ಹನಿಗಳು ಕಟ್ಟಿಕೊಟ್ಟ ಬಿಲ್ಲು.

ಮಂಜಿನಲ್ಲೂ ಬಿಲ್ಲು ಮೂಡುತ್ತದೆ. ಅದರ ಹನಿಗಳು ತೀರಾ ಸಣ್ಣವು, ಬಣ್ಣಗಳು ಒಂದರ ಮೇಲೊಂದು ಹರಡಿ ಬಿಲ್ಲು ಬೆಳ್ಳಗೆ ಕಾಣುತ್ತದೆ. ನಂದಿಬೆಟ್ಟದಂಥ ಮಂಜಿನ ಜಾಗದಲ್ಲಿ ಸೂರ್ಯೋದಯಕ್ಕೆಂದು ಹೋದವರೆಲ್ಲ ಪೂರ್ವಕ್ಕೆ ಮೊಬೈಲ್ ಹಿಡಿದಿರುತ್ತಾರೆ. ಬಿಳಿ ಬಿಲ್ಲು ಬೇಕಿದ್ದವರು ಬಿಸಿಲು ಬಿದ್ದ ಮೇಲೆ ಪಶ್ಚಿಮದ ಮಂಜಿನ ಕಡೆ ತಿರುಗಬೇಕು.