ವಿಂಟೇಜ್ ಶಾಂಪೇನ್: ಗುಳ್ಳೆ ಆಮೇಲೆ, ಮೊದಲು ವೈನ್

ಫ್ರಾನ್ಸ್‌ನ ಶಾಂಪೇನ್ ಸೀಮೆಯ ಬಹುಪಾಲು ಬಾಟಲಿಗಳ ಮೇಲೆ ವರ್ಷ ಇರುವುದಿಲ್ಲ. ಹಲವು ವರ್ಷಗಳ ವೈನ್ ಬೆರೆಸಿರುತ್ತಾರೆ. 2008 ಎಂದೋ 2012 ಎಂದೋ ಅಚ್ಚಾಗಿದ್ದರೆ ಅದು ವಿಂಟೇಜ್, ಅಂದರೆ ಆ ಒಂದೇ ಸುಗ್ಗಿಯ ದ್ರಾಕ್ಷಿಯದು. ಇಂಥದ್ದು ಬಾಟಲಿಗೆ ಇಳಿದ ಮೇಲೆ ಕನಿಷ್ಠ 3 ವರ್ಷ ನೆಲಮಾಳಿಗೆಯಲ್ಲಿರಬೇಕು. ವರ್ಷ ನಮೂದಿಸದ್ದಕ್ಕೆ 15 ತಿಂಗಳು ಸಾಕು.

ರುಚಿ ಹುಟ್ಟುವುದೇ ಈ ಕಾಯುವಿಕೆಯಲ್ಲಿ. ಬಾಟಲಿ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಯೀಸ್ಟ್ ಹಾಕುತ್ತಾರೆ. ಹುದುಗೆದ್ದು ಒಳಗೆ 6 ಬಾರ್‌ನಷ್ಟು ಒತ್ತಡ ಕೂಡುತ್ತದೆ; ಕಾರಿನ ಟೈರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸತ್ತ ಯೀಸ್ಟ್ ಗಸಿಯಾಗಿ ನಿಂತು, ವರ್ಷಗಟ್ಟಲೆ ನಿಧಾನಕ್ಕೆ ಒಡೆಯುತ್ತಾ ಬೇಕರಿಯ ಬಿಸಿ ಬನ್ನಿನ ವಾಸನೆ ಬಿಟ್ಟುಕೊಡುತ್ತದೆ. ಕೊನೆಗೆ ಗಸಿ ತೆಗೆದು, ಬೇಕಿದ್ದರೆ ಸಿಹಿ ಸೇರಿಸಿ, ಕಾರ್ಕ್ ಬಡಿಯುತ್ತಾರೆ. 'ಬ್ರೂಟ್' ಎಂದಿದ್ದರೆ ಸಕ್ಕರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ.

ತೀರಾ ತಣ್ಣಗಿದ್ದರೆ ಆ ವಾಸನೆ ಮೇಲೇಳುವುದೇ ಇಲ್ಲ, ಬರೀ ಹುಳಿ ನಾಲಿಗೆಗೆ ತಾಗುತ್ತದೆ. 10–12 ಡಿಗ್ರಿ ಸರಿ. ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಅರ್ಧ ಗಂಟೆಯೊಳಗೆ ತಣಿಯುತ್ತದೆ. ಬರೀ ಐಸ್ ಬೇಡ, ಗಾಜಿಗೆ ಪೂರ್ತಿ ತಾಗುವುದಿಲ್ಲ. ಫ್ರೀಜರ್ ಬೇಡವೇ ಬೇಡ.

ಕಾರ್ಕನ್ನು ಬಿಗಿದ ತಂತಿಯನ್ನು ಆರು ಅರ್ಧ ಸುತ್ತು ಬಿಚ್ಚಬೇಕು. ಹೆಬ್ಬೆರಳು ಕಾರ್ಕಿನ ಮೇಲಿಂದ ಕದಲಬಾರದು, ಬಾಯಿ ಯಾರ ಮುಖದತ್ತಲೂ ಇರಬಾರದು. ಬಾಟಲಿಯನ್ನು ಓರೆ ಹಿಡಿದು, ಕಾರ್ಕನ್ನಲ್ಲ, ಬಾಟಲಿಯನ್ನೇ ತಿರುಗಿಸಿ. 'ಢಂ' ಎನ್ನಿಸಿದರೆ ನೊರೆಯ ಜೊತೆ ವೈನೂ ನೆಲಕ್ಕೆ. ಗೋಲಿ ಸೋಡಾದ ಸದ್ದು ಗೋಲಿ ಸೋಡಾಕ್ಕೇ ಚೆಂದ.

ಉದ್ದ ಕೊಳವೆಯಂಥ ಗ್ಲಾಸ್ ನೋಡಲು ಸೊಗಸು, ಮೂಗಿಗೆ ನಿಷ್ಪ್ರಯೋಜಕ. ನಡು ಉಬ್ಬಿ ಬಾಯಿ ಕಿರಿದಾದದ್ದು ತನ್ನಿ, ಮೂರನೇ ಒಂದು ಭಾಗವಷ್ಟೇ ತುಂಬಿಸಿ. ಗುಳ್ಳೆಗಳು ಹೆಚ್ಚಾಗಿ ಹುಟ್ಟುವುದು ಬಟ್ಟೆಯ ಅಥವಾ ಗಾಳಿಯ ಸೂಕ್ಷ್ಮ ನಾರು ಗಾಜಿಗೆ ಅಂಟಿದ ಕಡೆ. ಸೋಪಿನ ಪಸೆ ಉಳಿದಿದ್ದರೆ ನೊರೆ ಕುಸಿಯುತ್ತದೆ. ಅದನ್ನು ವೈನಿನ ತಪ್ಪೆನ್ನಬೇಡಿ. ಹಳೆಯದರಲ್ಲಿ ಗುಳ್ಳೆ ಮೆತ್ತಗಾಗುವುದೂ ಸಹಜ.

ಮೊದಲ ಗುಟುಕಿಗೇ ತೀರ್ಪು ಬೇಡ. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ: ನಿಂಬೆ, ಸೇಬಿನ ಹಿಂದಿನಿಂದ ಜೇನು, ಹುರಿದ ಬಾದಾಮಿ, ಕೆಲವೊಮ್ಮೆ ಅಣಬೆ ಬರುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಬೆಂದ ಎಲೆಕೋಸಿನದಾದರೆ ಬಹುಶಃ ಬೆಳಕು ತಾಗಿದೆ. ಬಣ್ಣವಿಲ್ಲದ ಬಾಟಲಿಗಳಿಗೆ ಈ ಅಪಾಯ ಹೆಚ್ಚು.

ಉಳಿದದ್ದಕ್ಕೆ ಬಿಗಿ ಹಿಡಿಯುವ ಶಾಂಪೇನ್ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗ್ಯಾಸ್ ಉಳಿಯುತ್ತದೆಂಬುದು ಬರೀ ನಂಬಿಕೆ.