ಅಪ್ಪ ಅಮ್ಮ ಕುಳ್ಳಗಿದ್ದರೆ ಮಗುವೂ ಕುಳ್ಳಗಿರುತ್ತೆ, ಅಲ್ವಾ?

ಪ್ರಶ್ನೆ: ಮಗಳಿಗೆ ಈಗಷ್ಟೇ ಮೂರು ತುಂಬಿತು. ಎತ್ತರ 86 ಸೆಂ.ಮೀ., ತೂಕ 11.5 ಕೆ.ಜಿ. ತೂಕ ಪರವಾಗಿಲ್ಲ, ಆದರೆ ಬೆಳವಣಿಗೆ ಕುಂಠಿತವಾಗಿದೆ ಎಂದು ಅಂಗನವಾಡಿಯಲ್ಲಿ ಹೇಳಿದರು. ನಾವಿಬ್ಬರೂ ಕುಳ್ಳಗೇ ಇದ್ದೇವೆ. ಫಾರಿನ್ ಮಕ್ಕಳ ಅಳತೆಗೆ ನಮ್ಮ ಮಕ್ಕಳನ್ನು ಹೋಲಿಸುವುದು ಸರೀನಾ?

ಉತ್ತರ: ಆ ಅಳತೆಯಲ್ಲಿ ನಮ್ಮ ದೇಶದ ಮಕ್ಕಳೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳನ್ನು ಅಳೆಯಿತು. ಭಾರತದಿಂದ ಸೇರಿದ್ದು ದಕ್ಷಿಣ ದೆಹಲಿಯ ಮಕ್ಕಳು. ಎದೆಹಾಲು, ಒಳ್ಳೆಯ ಊಟ, ಔಷಧಿ ಸಿಗುವ, ತಾಯಿ ಸಿಗರೇಟು ಸೇದದ ಮನೆಗಳನ್ನೇ ಆರಿಸಿಕೊಂಡರು. ಐದು ವರ್ಷದೊಳಗೆ ಆರೂ ದೇಶದ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಎತ್ತರ ಬೆಳೆದಿದ್ದರು. ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಊರಿನ ಮಕ್ಕಳ ನಡುವಿನ ವ್ಯತ್ಯಾಸವೇ ಎಷ್ಟೋ ಜಾಸ್ತಿ ಇತ್ತು. ಅದರಿಂದ ಬಂದದ್ದೇ 2006ರ ಬೆಳವಣಿಗೆ ಪಟ್ಟಿ.

ಆ ಪಟ್ಟಿಯಲ್ಲಿ ಮೂರು ವರ್ಷದ ಹುಡುಗಿಯ ನಡುಮಟ್ಟದ ಎತ್ತರ 95.1 ಸೆಂ.ಮೀ. 87.4ಕ್ಕಿಂತ ಕಡಿಮೆ ಇದ್ದರೆ ಕುಂಠಿತ. ಚೆನ್ನಾಗಿ ಬೆಳೆದ ನೂರು ಮಕ್ಕಳಲ್ಲೂ ಎರಡು ಮೂರು ಮಕ್ಕಳು ಈ ಗೆರೆಯ ಕೆಳಗೆ ಬರುತ್ತಾರೆ. ನಿಮ್ಮ ಮಗಳು ಅವರಲ್ಲಿ ಒಬ್ಬಳಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಆ ಗೆರೆಯ ಕೆಳಗಿದ್ದರು. ಕರ್ನಾಟಕದಲ್ಲಿ ಶೇ. 35.4. ಇಷ್ಟೂ ಮಕ್ಕಳ ವಿಷಯದಲ್ಲಿ ವಂಶದ ಮೇಲೆ ಹೊರೆ ಹಾಕಲು ಆಗುವುದಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಕುಳ್ಳಗಿರುವುದಕ್ಕೂ ಅವರ ಬಾಲ್ಯದ ಕೊರತೆಯೇ ಕಾರಣ.

ತೂಕ ಪರವಾಗಿಲ್ಲ ಅಂದಿದ್ದೀರಿ, ನಿಜ. ಅವಳ ವಯಸ್ಸಿಗೆ ಕಡಿಮೆ ತೂಕದ ಗೆರೆ 10.8 ಕೆ.ಜಿ., ಅದನ್ನು ದಾಟಿದ್ದಾಳೆ. ಎತ್ತರಕ್ಕೆ ತಕ್ಕ ತೂಕವೂ ಇದೆ. ನೋಡಿದವರು ಮಗು ಗುಂಡುಗುಂಡಾಗಿದೆ ಎಂದೇ ಹೇಳುತ್ತಾರೆ. ಬರೀ ತಕ್ಕಡಿಯನ್ನು ನಂಬಿದ್ದರೆ ಈ ಕೊರತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎತ್ತರದ ಕೊರತೆ ಒಂದೆರಡು ತಿಂಗಳಲ್ಲಿ ಆಗುವಂಥದ್ದಲ್ಲ. ಗರ್ಭದಿಂದ ಹಿಡಿದು ಎರಡು ವರ್ಷದವರೆಗಿನ ಊಟ, ಪದೇ ಪದೇ ಬಂದ ಭೇದಿ, ಸೋಂಕು ಎಲ್ಲ ಸೇರಿ ಆಗುವುದು. ತೂಕವಾದರೆ ಒಂದು ವಾರದ ಜ್ವರಕ್ಕೇ ಇಳಿಯುತ್ತೆ.

ಅಳತೆ ಸರಿಯಾಗಿತ್ತಾ ಅಂತಲೂ ನೋಡಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಆಮೇಲೆ ನಿಲ್ಲಿಸಿ. ಇವೆರಡರ ನಡುವೆ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತೆ. ಚಪ್ಪಲಿ ತೆಗೆದಿರಬೇಕು, ಜುಟ್ಟು ಬಿಚ್ಚಿರಬೇಕು, ಹಿಮ್ಮಡಿ ಹಲಗೆಗೆ ತಾಗಿರಬೇಕು. ಹುಟ್ಟಿದ ತಾರೀಖು ತಪ್ಪಿದ್ದರೆ ಲೆಕ್ಕವೇ ತಪ್ಪುತ್ತೆ, ತಾಯಿ ಕಾರ್ಡ್ ಜೊತೆ ತಾಳೆ ಮಾಡಿಸಿ.

ರಟ್ಟೆ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವೆರಡೂ ಇಲ್ಲದಿದ್ದರೆ ನಿಮ್ಮ ಮಗಳದ್ದು ಅಂಥ ತುರ್ತಲ್ಲ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಮೂರು ತಿಂಗಳ ನಂತರ ಇದೇ ರೀತಿ ನಿಲ್ಲಿಸಿ ಅಳೆಸಿ. ಅವಳ ಗೆರೆ ಪಟ್ಟಿಯ ಗೆರೆ ಜೊತೆಗೇ ಏರುತ್ತಿದೆಯೋ, ಇನ್ನೂ ಕೆಳಗೆ ಜಾರುತ್ತಿದೆಯೋ ಎಂಬುದು ಆಗ ಗೊತ್ತಾಗುತ್ತೆ.